ಕಂಗಾಸರ ಕಿವಿ

ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ನಮ್ಮ ಗಣಿಯೂರುಗಳಲ್ಲಿ ಕಾರು ಎಂಬುದು ಕೊಂಡ ದಿನದಿಂದಲೇ ಉಪ್ಪಿಗೆ ಆಹಾರವಾಗುತ್ತ ಹೋಗುವ ವಸ್ತು. ಚಳಿಗಾಲದುದ್ದಕ್ಕೂ ರಸ್ತೆಗೆ ಸುರಿಯುವ ಉಪ್ಪು ಬಾಗಿಲನ್ನು ತಿನ್ನುತ್ತದೆ, ನೆಲವನ್ನು ತಿನ್ನುತ್ತದೆ, ಕೊನೆಗೆ ಒಡೆಯನ ಆಸೆಯನ್ನೂ ತಿನ್ನುತ್ತದೆ. ಬಿಡುವುದು ಇಂಜಿನ್ನನ್ನು ಮಾತ್ರ. ಮೈಯೆಲ್ಲ ತೂತು ಬಿದ್ದಮೇಲೂ ಎದೆ ಗಟ್ಟಿಯಾಗಿ ಉಳಿಯುವ ಇಂಥ ಮುದಿ ಇಂಜಿನ್ನುಗಳನ್ನು ಮೂರು ಲಕ್ಷ, ನಾಲ್ಕು ಲಕ್ಷ ಮೈಲಿಗಳವರೆಗೆ ಕೈಹಿಡಿದು ನಡೆಸಿದವರಲ್ಲಿ, ಕಾಪರ್ ಕ್ರೀಕ್ ಗ್ರಾಹಕರ ಸಹಕಾರ ಸಂಘದ ಗ್ಯಾರೇಜಿನಿಂದ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಯುತ ವೈನೊ ಕಂಗಾಸ್ ಅವರದು ಅಗ್ರಗಣ್ಯವಾದ ಹೆಸರು. ಈ ಮಾತನ್ನು ಈ ಅಭಿನಂದನ ಸಂಪುಟದ ಉಳಿದ ಲೇಖಕರೆಲ್ಲರೂ ಹೇಳಿಯೇ ಹೇಳುತ್ತಾರೆ. ಅವರ ಪಕ್ಕದ ರಿಪೇರಿ ಗುಂಡಿಯಲ್ಲಿ, ಅಂದರೆ ಪಿಟ್ಟಿನಲ್ಲಿ, ಮೂವತ್ತು ವರ್ಷ ನಿಂತು ಇದೇ ಮಾತನ್ನು ಕೇಳಿಸಿಕೊಂಡ ರಸ್ ಪೆನ್‌ಹೇಲ್ ಕೂಡ ಹೇಳಲೇಬೇಕಾಗಿದೆ. ಹೇಳಿದ್ದಾಯಿತು.

ಸಂಪುಟದ ಸಂಪಾದಕಿಯೂ ಸಂಘದ ಕಾರ್ಯದರ್ಶಿಯೂ ಆದ ಶ್ರೀಮತಿ ಎಲ್ಮಾ ಹಾರ್ಯು ಅವರು ಲೇಖಕರಿಗೆಲ್ಲ ಒಂದು ಕಟ್ಟಪ್ಪಣೆ ವಿಧಿಸಿದ್ದಾರೆ. ಹಿಂದೆ ಸಂಘದ ಬೇಕರಿಯ ಹಿರಿಯರು ನಿವೃತ್ತರಾದಾಗ ತಂದ ಪುಸ್ತಕದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಪುರಾಣವನ್ನೇ ಬಿಚ್ಚಿ, ಪಾಪ, ಆ ಹಿರಿಯರಿಗೆ ಲೇಖನದ ಕೊನೆಯಲ್ಲಿ ಒಂದೆರಡು ಸಾಲು ಬಿಟ್ಟಿದ್ದರಂತೆ. ಆದ್ದರಿಂದ ಈ ಸಲ ಯಾರೂ ‘ನಾನು’ ಎನ್ನಕೂಡದು. ಹೀಗಾಗಿ ಇದನ್ನು ಬರೆಯುತ್ತಿರುವ ಪೆನ್‌ಹೇಲ್ ತನ್ನನ್ನು ಪೆನ್‌ಹೇಲ್ ಎಂದೇ ಕರೆದುಕೊಳ್ಳಬೇಕಾಗಿದೆ. ಅವನಿಗೆ ಇದರಿಂದ ಅನುಕೂಲವೇ ಆಗಿದೆ. ಪೆನ್‌ಹೇಲ್‌ಗೆ ಹೊಟ್ಟೆಕಿಚ್ಚು ಎಂದು ಬರೆಯುವುದು, ತನಗೆ ಹೊಟ್ಟೆಕಿಚ್ಚು ಎಂದು ಬರೆದುಕೊಳ್ಳುವುದಕ್ಕಿಂತ ಎಷ್ಟೋ ಸಲೀಸು. ಊರಿಗೆಲ್ಲ ಗೊತ್ತಿರುವುದನ್ನು ಅಚ್ಚು ಹಾಕಿಸಲು ನಾಚಿಕೆ ಏಕೆ?

ಶ್ರೀಯುತ ಕಂಗಾಸರು ಇದೇ ಊರಿನ ಫಿನ್ನಿಷ್ ಗಣಿಕಾರ್ಮಿಕರ ಮನೆತನದಲ್ಲಿ ಜನಿಸಿ, ತಾಮ್ರದ ಗಣಿ ಮುಚ್ಚಿದ ವರ್ಷ ಗ್ಯಾರೇಜಿಗೆ ಸೇರಿದರು. ಆಗ ಹೊಸ ಕಾರು ಕೊಳ್ಳುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಇದ್ದ ಕಾರನ್ನು ಓಡಿಸಿಕೊಳ್ಳಬೇಕು, ಓಡದಿದ್ದರೆ ದೂರದ ಕೆಲಸಕ್ಕೆ ಹೋಗುವಂತಿಲ್ಲ, ಕೆಲಸಕ್ಕೆ ಹೋಗದಿದ್ದರೆ ಊರಿನಲ್ಲಿರುವಂತಿಲ್ಲ. ಹೀಗೆ ಒಂದು ಇಡೀ ಊರಿನ ಹಳೆಯ ಇಂಜಿನ್ನುಗಳ ಹೊಣೆ ಆ ಹೆಗಲನ್ನು ಏರಿತು, ಅದನ್ನು ಅವರು ಎಂದೂ ಕೆಳಗಿಳಿಸಲಿಲ್ಲ. ಪೆನ್‌ಹೇಲ್ ಬಂದದ್ದು ಹತ್ತು ವರ್ಷ ತಡವಾಗಿ. ಇವನದು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಮನೆತನ. ಇವನ ಅಜ್ಜಂದಿರು ಗಣಿಯಲ್ಲಿ ಕಂಗಾಸರ ಅಜ್ಜಂದಿರ ಮೇಲೆ ಮೇಸ್ತ್ರಿಗಳಾಗಿದ್ದರು. ಆ ಸೇಡನ್ನು ತೀರಿಸಿಕೊಳ್ಳುವುದಕ್ಕೋ ಎಂಬಂತೆ, ಬಿಸಿಲು ಬೀಳುವ ಕಿಟಕಿ ಬದಿಯ ಪಿಟ್ಟು ಅಷ್ಟರಲ್ಲೇ ಕಂಗಾಸರದಾಗಿತ್ತು. ಸರೋವರದ ಗಾಳಿ ನೇರವಾಗಿ ನುಗ್ಗುವ ಬಾಗಿಲ ಬದಿಯ ಪಿಟ್ಟು ಇವನ ಪಾಲಿಗೆ ಬಂತು. ಇವತ್ತಿಗೂ ಅಲ್ಲೇ ಇದ್ದಾನೆ.

ಅವರ ಕಾರ್ಯವಿಧಾನವನ್ನು ವಿವರಿಸದೆ ಅಭಿನಂದನೆ ಪೂರ್ಣವಾಗದು. ಮುದಿ ಇಂಜಿನ್ನಿಗೆ ದೊಡ್ಡ ರಿಪೇರಿಗಿಂತ ದಿನದಿನದ ಆರೈಕೆ ಮುಖ್ಯವೆಂಬುದು ಅವರ ನಿಲುವು. ವಾರಕ್ಕೊಮ್ಮೆ ಕಡ್ಡಿ ಎತ್ತಿ ಆಯಿಲ್ ನೋಡಬೇಕು, ಕುಡಿದಷ್ಟನ್ನು ಮತ್ತೆ ಹುಯ್ಯಬೇಕು. ಹಳೆಯ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ರೋಗವಲ್ಲ, ವಯಸ್ಸು. ಟೈಮಿಂಗ್ ಬೆಲ್ಟ್ ಹರಿಯಲಿ ಎಂದು ಕಾಯಬಾರದು. ಚಳಿಗಾಲದ ಮುಂಜಾವಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದು ರೇಗಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ವರ್ಷಗಟ್ಟಲೆ ಕೂತ ಕಪ್ಪು ಜಿಡ್ಡನ್ನು ತೊಳೆಯಹೋಗಬಾರದು. ಇಂಜಿನ್ನಿನ ಒಳಗನ್ನು ತೊಳೆದು ಹೊಸದು ಮಾಡುತ್ತೇವೆಂದು ಹೇಳಿಕೊಳ್ಳುವ ದ್ರಾವಣದ ಡಬ್ಬಿಗಳನ್ನು ಅವರು ಗ್ಯಾರೇಜಿನ ಹೊಸ್ತಿಲು ದಾಟಲು ಬಿಟ್ಟವರಲ್ಲ. ಮೂಲೆಯಲ್ಲಿ ತಣ್ಣಗೆ ಕೂತಿದ್ದ ಜಿಡ್ಡು ಒಮ್ಮೆಲೇ ಕಳಚಿಕೊಂಡರೆ ಆಯಿಲ್ ಹೀರುವ ಜಾಲರಿಗೆ ಹೋಗಿ ಮೆತ್ತಿಕೊಳ್ಳುತ್ತದೆ, ಇಂಜಿನ್ನಿನ ಗಂಟಲು ಕಟ್ಟುತ್ತದೆ, ಮೇಲಿನ ಭಾಗಕ್ಕೆ ಆಯಿಲ್ ಹತ್ತುವುದಿಲ್ಲ. ಶನಿವಾರದ ಸೌನಾ ಹಬೆಸ್ನಾನವನ್ನು ಒಮ್ಮೆಯೂ ತಪ್ಪಿಸದ ಈ ಮನುಷ್ಯರು ಮುದಿ ಇಂಜಿನ್ನಿಗೆ ಮಾತ್ರ ಸ್ನಾನ ಮಾಡಿಸಬೇಡಿ ಎಂದು ಮೊದಲಿನಿಂದಲೂ ಸಾರುತ್ತ ಬಂದರು. ಇವೆಲ್ಲ ಪೆನ್‌ಹೇಲ್‌ಗೂ ಗೊತ್ತಿದ್ದ ಸಂಗತಿಗಳೇ. ಇವನು ಹೇಳಿದರೆ ಮೆಕ್ಯಾನಿಕ್ಕಿನ ಗೊಣಗಾಟ, ಅವರು ಹೇಳಿದರೆ ಉಪದೇಶ.

ಇಬ್ಬರ ನಡುವೆ ವ್ಯತ್ಯಾಸವಿದ್ದದ್ದು ಕೈಯಲ್ಲಲ್ಲ, ಬಾಯಲ್ಲಿ. ಪೆನ್‌ಹೇಲ್ ಬಾನೆಟ್ ಎತ್ತಿ ನೋಡಿ, ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ: ಇದರ ಕತೆ ಮುಗಿಯಿತು, ಇನ್ನು ಇದಕ್ಕೆ ಸುರಿಯಬೇಡಿ. ಕಂಗಾಸರು ಅದೇ ಬಾನೆಟ್ ಎತ್ತಿ, ಅದೇ ಇಂಜಿನ್ ನೋಡಿ, ಕೈ ಒರೆಸಿಕೊಳ್ಳುತ್ತ “ಇನ್ನೂ ಓಡುತ್ತೆ ಬಿಡಿ” ಎನ್ನುತ್ತಿದ್ದರು. ಹತ್ತರಲ್ಲಿ ಆರು ಸಲ ಪೆನ್‌ಹೇಲ್ ಹೇಳಿದ್ದೇ ನಿಜವಾಗುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಆದರೆ ಜನ ನೆನಪಿಟ್ಟುಕೊಂಡದ್ದು ಉಳಿದ ನಾಲ್ಕನ್ನು. ಕಂಗಾಸರ ಪಿಟ್ಟಿನ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಸಾಲು ತೀರಾ ಉದ್ದವಾದಾಗ, ಸೌಜನ್ಯಕ್ಕೆ, ಒಂದೆರಡು ಇವನ ಕಡೆಗೆ ಹೊರಳುತ್ತಿದ್ದವು.

ಹೊರಳುವ ಮಾತು ಬಂತಾದ್ದರಿಂದ ನಮ್ಮೂರಿನ ಪದ್ಧತಿಯೊಂದನ್ನು ಹೇಳಬೇಕು. ಕಾರಿನ ಮೈಲಿ ಮೀಟರಿನಲ್ಲಿ ಲಕ್ಷದ ಅಂಕಿ ಬದಲಾಗುವ ಹೊತ್ತು ಬಂದಾಗ ಒಡೆಯ ಒಬ್ಬನೇ ಅದನ್ನು ದಾಟುವುದಿಲ್ಲ. ಸಂಘದ ಪೆಟ್ರೋಲ್ ಪಂಪಿನ ಎದುರು ನಾಲ್ಕು ಜನ ಸೇರುತ್ತಾರೆ. ಆ ಇಂಜಿನ್ನನ್ನು ಅಲ್ಲಿಯವರೆಗೆ ಬದುಕಿಸಿಕೊಂಡು ಬಂದವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಸರೋವರದ ರಸ್ತೆಯಲ್ಲಿ ಹಳೆಯ ಗಣಿಯ ಗೋಪುರದವರೆಗೆ ಹೋಗಿ, ಅಂಕಿ ಹೊರಳುವುದನ್ನು ಇಬ್ಬರೂ ಕಣ್ಣಾರೆ ಕಂಡು ಬರುತ್ತಾರೆ. ಬಂದಮೇಲೆ ಕಾಫಿ, ಏಲಕ್ಕಿ ಹಾಕಿದ ನಿಸು ಬ್ರೆಡ್ಡು. ವಾರ ಮುಂಚೆಯೇ ಒಡೆಯ ಒಂದು ನಿಸುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಯಾರ ಕೈಗೆ ಕೊಡುತ್ತಾನೋ ಅವರಿಗೆ ಆ ಸೀಟು. ಇದಕ್ಕಿಂತ ದೊಡ್ಡ ಪದವಿಯನ್ನು ಕಾಪರ್ ಕ್ರೀಕ್ ಯಾವ ಮೆಕ್ಯಾನಿಕ್ಕಿಗೂ ಕೊಡಲಾರದು. ಕಂಗಾಸರು ಎಷ್ಟು ಸಲ ಆ ಸೀಟಿನಲ್ಲಿ ಕೂತರೆಂದು ಎಣಿಸಿದವರಿಲ್ಲ. ಪೆನ್‌ಹೇಲ್ ಕೂತದ್ದನ್ನು ಎಣಿಸುವ ಅಗತ್ಯ ಬೀಳಲಿಲ್ಲ. ಅವನಿಗೆ ಯಾರೂ ನಿಸು ತಂದುಕೊಟ್ಟಿರಲಿಲ್ಲ.

ಶ್ರೀಯುತರ ಕೀರ್ತಿಗೆ ಶಿಖರಪ್ರಾಯವಾದದ್ದು ಅವರ ಕಿವಿ. ಕಂಗಾಸರ ಕಿವಿ ಎಂದರೆ ಈ ದಂಡೆಯಲ್ಲಿ ಒಂದು ಸಂಸ್ಥೆಯ ಹೆಸರಿದ್ದಂತೆ. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇತ್ತು ಅವರ ಬಳಿ. ಅದರ ಮೊನೆಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ನಾವೆಲ್ಲ ಮಾಡುವಂತೆ ಕಿವಿಗೆ ಇಟ್ಟುಕೊಳ್ಳದೆ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕೆಳಗಿನ ಬೇರಿಂಗಿನಲ್ಲಿ ದಡ್ ದಡ್ ಎಂಬ ಪೆಟ್ಟಿದ್ದರೆ ಅವರ ದವಡೆಗೆ ತಿಳಿಯುತ್ತಿತ್ತು. ಹೊರ ಊರುಗಳಿಂದ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾಟಕ, ಶುದ್ಧ ನಾಟಕ ಎಂದು ಪೆನ್‌ಹೇಲ್ ತನ್ನ ಪಿಟ್ಟಿನಲ್ಲಿ ಗೊಣಗಿಕೊಳ್ಳುತ್ತಿದ್ದ. ಹಾಗೆ ಕಚ್ಚಿ ಕಚ್ಚಿ ಹಿಡಿಯಲ್ಲಿ ಹಲ್ಲಿನ ಗುರುತು ಮೂಡಿತ್ತು. ಆ ಸ್ಕ್ರೂಡ್ರೈವರನ್ನು ಈಗ ಸಂಘದ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಇಡಲಿ.

ನಾಟಕವನ್ನಾದರೂ ಸಹಿಸಬಹುದಿತ್ತು, ಸಹಿಸಲಾಗದ್ದು ಆಮೇಲಿನದು. ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, ಗಿರಾಕಿ ಕಾಫಿಗೆ ಹೋದ ಹೊತ್ತು ನೋಡಿ, ಅವರು ಇತ್ತ ತಿರುಗಿ ಕರೆಯುತ್ತಿದ್ದರು:

“ರಸ್, ಒಂಚೂರು ಬಾ ಇಲ್ಲಿ. ಏನು ಕೇಳ್ಸುತ್ತೆ ಹೇಳು.”

ಕೈಯಲ್ಲಿದ್ದ ಕೆಲಸ ಬಿಟ್ಟು ಇವನು ಹೋಗಬೇಕು, ಬಗ್ಗಿ ಕೇಳಬೇಕು, ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಮೂರನೆಯ ಸಿಲಿಂಡರಿನ ವಾಲ್ವು ಟಿಕ್ಕೆನ್ನುತ್ತಿದೆ. ನೀರಿನ ಪಂಪಿನ ಬೇರಿಂಗು ಕೀಚಲು ತೆಗೆಯುತ್ತಿದೆ. ಎಲ್ಲೋ ಗಾಳಿ ಸುಯ್ಯೆನ್ನುತ್ತಿದೆ, ರಬ್ಬರ್ ಕೊಳವೆ ಒಡೆದಿರಬೇಕು. ಕಂಗಾಸರು ಇವನ ಮುಖವನ್ನೇ ನೋಡುತ್ತ ಎಲ್ಲವನ್ನೂ ಕೇಳಿ “ಹ್ಞೂಂ” ಎನ್ನುತ್ತಿದ್ದರು. ಅಷ್ಟೇ. ಸರಿ ಎಂದಿಲ್ಲ, ತಪ್ಪು ಎಂದಿಲ್ಲ. ಆಮೇಲೆ ಗಿರಾಕಿ ಬಂದಾಗ ಅವರ ಬಾಯಲ್ಲೂ ಅದೇ ವಾಲ್ವು, ಅದೇ ಪಂಪು, ಅದೇ ಕೊಳವೆ. ಅಬ್ಬ ಏನು ಕಿವಿಯಪ್ಪ ಎನ್ನುತ್ತ ಗಿರಾಕಿ ಹೋಗುತ್ತಿದ್ದ. ಕೂದಲು ನರೆತ ಮೇಲೂ ತನ್ನನ್ನು ಪರೀಕ್ಷೆಗೆ ಕೂರಿಸುತ್ತಾರೆ, ಅಂಕ ಮಾತ್ರ ಹೇಳುವುದಿಲ್ಲ ಎಂದು ಪೆನ್‌ಹೇಲ್ ಎಷ್ಟೋ ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಕುದಿದಿದ್ದಾನೆ.

ಅವರ ಉಪಕಾರಬುದ್ಧಿಗೆ ನಿದರ್ಶನಗಳು ಅಸಂಖ್ಯ. ಸಂಪಾದಕಿಯವರದನ್ನೇ ಹೇಳಬಹುದು, ಅವರಿದನ್ನು ತೆಗೆದುಹಾಕಲಾರರು. ಒಂದು ಜನವರಿಯಲ್ಲಿ ಶ್ರೀಮತಿ ಎಲ್ಮಾ ಅವರ ಕಾರಿನ ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಬೆಣ್ಣೆ ಕಡೆದ ಹಾಗೆ ಬಿಳಿ ನೊರೆ. ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಿದರೆ ಕಾರಿನ ಬೆಲೆಗಿಂತ ಹೆಚ್ಚಾಗುತ್ತದೆ ಎಂದ ಪೆನ್‌ಹೇಲ್. ಎಲ್ಮಾ ಅಳುತ್ತ ಕಿಟಕಿ ಬದಿಗೆ ಹೋದರು. ಕಂಗಾಸರು ಕೇಳಿದ್ದು ಒಂದೇ ಪ್ರಶ್ನೆ: ಕಾರಿನಲ್ಲಿ ಎಲ್ಲೆಲ್ಲಿಗೆ ಹೋಗುತ್ತೀರಿ? ಚರ್ಚಿಗೆ ಮತ್ತು ಸಂಘಕ್ಕೆ, ಎರಡೂ ಅರ್ಧ ಮೈಲಿಯೊಳಗೆ. ಇಂಜಿನ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿಯುತ್ತಿದೆ, ಒಳಗಿನ ತೇವ ಆರುತ್ತಿಲ್ಲ, ಅಷ್ಟೇ. ಭಾನುವಾರ ಚರ್ಚು ಮುಗಿಸಿ ದೂರದಲ್ಲಿರುವ ತಂಗಿಯ ಮನೆಗೆ ಹೋಗಿಬನ್ನಿ ಎಂದರು. ಹೋಗಿಬಂದರು. ನೊರೆ ಮಾಯ. ವರ್ಷಗಳಿಂದ ಮಾತು ಬಿಟ್ಟಿದ್ದ ಅಕ್ಕತಂಗಿಯರು ಆ ನೆಪದಲ್ಲಿ ಒಂದಾದರು. ಗ್ಯಾಸ್ಕೆಟ್ ಒಂದನ್ನು ಸರಿಮಾಡಹೋದರೆ ಸಂಸಾರವನ್ನೂ ಸರಿಮಾಡಿ ಬರುವಂಥ ಮನುಷ್ಯರ ಪಕ್ಕದಲ್ಲಿ ಕೆಲಸ ಮಾಡುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಬೇಕು.

ಇಷ್ಟೆಲ್ಲವನ್ನೂ ಪೆನ್‌ಹೇಲ್ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಒಂದು ಹಸಿರು ವ್ಯಾಗನ್ ಕಾರು.

ಅದು ಇವನ ಹೆಂಡತಿ ಐಲಿಯದು. ಐಲಿಯ ತಂದೆ ಎಮಿಲ್ ಸಾಯುವ ಮುನ್ನ ಮಗಳಿಗೆ ಬಿಟ್ಟುಹೋದದ್ದು ಅದೊಂದನ್ನೇ. ಮೆಕ್ಯಾನಿಕ್ ಆದ ಗಂಡ ಮನೆಯಲ್ಲೇ ಇರುವಾಗ, ಅವಳು ಆ ಗಾಡಿಯನ್ನು ಮೊದಲ ದಿನದಿಂದಲೂ ಗಂಡನ ಪಿಟ್ಟಿನ ಮುಂದಿನಿಂದಲೇ ಓಡಿಸಿಕೊಂಡು ಹೋಗಿ ಕಂಗಾಸರ ಪಿಟ್ಟಿನಲ್ಲಿ ನಿಲ್ಲಿಸುತ್ತಿದ್ದಳು. ಇಬ್ಬರೂ ಫಿನ್ನಿಷ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪೆನ್‌ಹೇಲ್‌ಗೆ ಆ ಭಾಷೆಯಲ್ಲಿ ಬರುವುದು ಕಾಫಿ ಬೇಕೆಂಬ ಮಾತೊಂದೇ. ಬಾನೆಟ್ ಮೇಲೆ ಬಗ್ಗಿ ಅವರು ಏನೋ ಹೇಳುತ್ತಿದ್ದರು, ಅವಳು ನಗುತ್ತಿದ್ದಳು. ಬಾಗಿಲ ಬದಿಯಲ್ಲಿ ಇವನು ಯಾರದೋ ಸೈಲೆನ್ಸರ್ ಬಿಚ್ಚುತ್ತ ಆ ನಗುವಿಗೆ ಅರ್ಥ ಹುಡುಕುತ್ತಿದ್ದ. ಊರಿನ ಎಲ್ಲ ಕಾರುಗಳಿಗೂ ಇವನನ್ನು ಕರೆದು ಏನು ಕೇಳಿಸುತ್ತದೆಂದು ಪೀಡಿಸುತ್ತಿದ್ದ ಕಂಗಾಸರು ಆ ವ್ಯಾಗನ್ನಿಗೆ ಮಾತ್ರ ಒಂದು ಸಲವೂ ಕರೆಯಲಿಲ್ಲ. ಅದು ಇನ್ನೂ ಉರಿಯುವ ಸಂಗತಿ.

ಕಳೆದ ಶರತ್ಕಾಲದಲ್ಲಿ ಆ ವ್ಯಾಗನ್ನಿನ ಮೀಟರು ನಾಲ್ಕು ಲಕ್ಷ ಮೈಲಿಗೆ ಹತ್ತಿರವಾಯಿತು. ಕಂಗಾಸರ ನಿವೃತ್ತಿಯ ಸುದ್ದಿಯೂ ಆಗಲೇ ಹೊರಟಿದ್ದರಿಂದ ಇದು ಅವರ ಕೊನೆಯ ಸವಾರಿಯೆಂದು ಊರೇ ತೀರ್ಮಾನಿಸಿಬಿಟ್ಟಿತ್ತು. ಆದರೂ ಪೆನ್‌ಹೇಲ್ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದ. ಗಂಡನಲ್ಲವೇ? ಒಂದು ಸಲ, ಈ ಒಂದು ಸಲ. ಐಲಿ ನಿಸು ಸುಟ್ಟ ದಿನ ಮನೆಯೆಲ್ಲ ಏಲಕ್ಕಿಯ ಪರಿಮಳ. ಮಾರನೆಯ ಬೆಳಿಗ್ಗೆ ಅವಳು ಬಟ್ಟೆಯ ಗಂಟನ್ನು ಹಿಡಿದು ಗ್ಯಾರೇಜಿನೊಳಗೆ ಬಂದಳು, ಇವನತ್ತ ನೋಡಿ ತಲೆಯಾಡಿಸಿದಳು, ಕಿಟಕಿ ಬದಿಗೆ ನಡೆದಳು.

ಆ ಸಂಜೆ ಇವನು ತಟ್ಟೆಯಲ್ಲಿದ್ದ, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿಯನ್ನು ಮುಟ್ಟದೆ ಕೂತಿದ್ದ.

“ಮನೇಲಿ ಒಬ್ಬ ಮೆಕ್ಯಾನಿಕ್ ಇದಾನೆ ಅನ್ನೋದು ನಿನಗೆ ನೆನಪಿದೆಯಾ?” ಎಂದ.

“ಇದೆ.”

“ಮತ್ತೆ ಆ ಗಾಡೀನ ಒಂದು ದಿನವಾದ್ರೂ ನನ್ನ ಹತ್ರ ತಂದಿದ್ಯಾ?”

ಐಲಿ ಫೋರ್ಕ್ ಕೆಳಗಿಟ್ಟಳು. “ತಂದಿದ್ರೆ ಏನಂತಿದ್ದೆ ಅಂತ ನಂಗೊತ್ತು. ಇದರ ಕತೆ ಮುಗೀತು ಅಂತಿದ್ದೆ. ನಿಜಾನೂ ಆಗಿರ್ತಿತ್ತು. ಅಪ್ಪನ ವಿಷಯದಲ್ಲಿ ಡಾಕ್ಟ್ರು ಹಾಗಂದಾಗ ಕೇಳ್ಕೊಂಡೆ, ರಸ್. ಇನ್ನೊಂದು ಸಲ ನಿನ್ನ ಬಾಯಿಂದ ಕೇಳೋ ಶಕ್ತಿ ನಂಗಿರ್ಲಿಲ್ಲ.”

ಪ್ಯಾಸ್ಟಿ ತಣ್ಣಗಾಯಿತು.

ಆ ಶನಿವಾರ ಪಂಪಿನ ಎದುರು ಅರ್ಧ ಊರೇ ನೆರೆದಿತ್ತು. ವ್ಯಾಗನ್ ಹಿಂದಿನ ದಿನದಿಂದ ಕಂಗಾಸರ ಮನೆಯ ಶೆಡ್ಡಿನಲ್ಲಿತ್ತು. ಅಲ್ಲಿಂದ ತಾವೇ ತೊಳೆದು, ಒರೆಸಿ, ಓಡಿಸಿಕೊಂಡು ಬಂದರು. ಐಲಿ ಸ್ಟೀರಿಂಗ್ ಹಿಂದೆ ಕೂತಳು, ಅವರು ಪಕ್ಕದ ಸೀಟಿನಲ್ಲಿ ಕೂತರು, ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಪೆನ್‌ಹೇಲ್ ಗ್ಯಾರೇಜಿನ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಬರದೇ ಇದ್ದರೆ ಹೊಟ್ಟೆಕಿಚ್ಚಿನವನು ಎನ್ನುತ್ತಾರೆಂದು ಬಂದಿದ್ದ. ಹತ್ತಿರ ಹೋಗಲು ಕಾಲು ಬಂದಿರಲಿಲ್ಲ. ಐಲಿ ಇಂಜಿನ್ ಸ್ಟಾರ್ಟ್ ಮಾಡಿದಳು. ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ಕೆಳಗೆ ಇವನಿಗೆ ಕೇಳಿಸಿತು. ಟಿಕ್, ಟಿಕ್, ಟಿಕ್. ಸಣ್ಣದು, ಒಣಕಲು, ಮೇಲಿನಿಂದ ಬರುತ್ತಿದ್ದದ್ದು. ಮುದಿ ಇಂಜಿನ್ ಚಳಿಗೆ ಎರಡು ಗಳಿಗೆ ಹಾಗೆ ಗೊಣಗಿ ಸುಮ್ಮನಾಗುವುದುಂಟು. ಇದು ಸುಮ್ಮನಾಗಲಿಲ್ಲ, ಹೆಚ್ಚುತ್ತ ಹೋಯಿತು. ಮೇಲಕ್ಕೆ ಆಯಿಲ್ ಹತ್ತುತ್ತಿಲ್ಲ. ಎಚ್ಚರಿಕೆಯ ದೀಪ ಇನ್ನೂ ಹತ್ತಿರಲಿಕ್ಕಿಲ್ಲ, ಅದು ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಗಣಿಯ ಗೋಪುರ ಮುಟ್ಟುವುದರೊಳಗೆ ಈ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ಏಳುವುದಿಲ್ಲ. ಪಕ್ಕದ ಸೀಟಿನಲ್ಲಿ ಕಂಗಾಸರು ಜನರಿಗೆ ಕೈಬೀಸುತ್ತ ನಗುತ್ತಿದ್ದರು.

ಈಗ ಸುಮ್ಮನಿದ್ದರೆ ಏನಾಗುತ್ತದೆಂದು ಪೆನ್‌ಹೇಲ್ ಯೋಚಿಸದೆ ಇರಲಿಲ್ಲ. ಕಂಗಾಸರ ಕಿವಿ ಎಂಬ ಸಂಸ್ಥೆ ಅದೇ ದಿನ, ಕೊನೆಯ ಸವಾರಿಯಲ್ಲಿ, ಸರೋವರದ ರಸ್ತೆಯ ನಡುವೆ, ಊರೆಲ್ಲ ನೋಡುತ್ತಿರುವಾಗ ಮುಚ್ಚಿಹೋಗುತ್ತಿತ್ತು. ಆ ಯೋಚನೆ ಸಿಹಿಯಾಗಿತ್ತು. ಆದರೆ ಸ್ಟೀರಿಂಗ್ ಹಿಂದೆ ಕೂತವಳು ತಂದೆಯನ್ನು ಒಮ್ಮೆ ಕಳೆದುಕೊಂಡಿದ್ದವಳು. ಇವನು ಜನರನ್ನು ಸರಿಸಿಕೊಂಡು ಹೋಗಿ ಬಾನೆಟ್ ಮೇಲೆ ಕೈಯಿಟ್ಟ.

“ಬಂದ್ ಮಾಡು, ಐಲಿ. ಮೇಲಕ್ಕೆ ಆಯಿಲ್ ಹತ್ತುತಿಲ್ಲ.”

ಚಪ್ಪಾಳೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶ್ರೀಮತಿ ಎಲ್ಮಾ ಅವರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಇವತ್ತೊಂದು ದಿನ ತಡ್ಕೋಬಾರ್ದಿತ್ತಾ, ರಸ್? ಅವರ ಕೊನೇ ಸವಾರಿ ಇದು.” ಈ ಸಾಲನ್ನು ಅವರು ಬೇಕಾದರೆ ಹೊಡೆದುಹಾಕಬಹುದು.

ಕಂಗಾಸರು ಕೆಳಗಿಳಿದು, ಒಳಗಿನಿಂದ ಸ್ಕ್ರೂಡ್ರೈವರ್ ತಂದರು. ಐಲಿಗೆ ಒಂದು ಕ್ಷಣ ಮತ್ತೆ ಸ್ಟಾರ್ಟ್ ಮಾಡಲು ಹೇಳಿ, ಮೊನೆ ತಾಗಿಸಿ, ಹಿಡಿ ಕಚ್ಚಿ ಕಣ್ಣು ಮುಚ್ಚಿದರು. ಕೆಳಗೆ ದಡ್ ಎಂಬ ಪೆಟ್ಟಿರಲಿಲ್ಲ. ಅವರ ದವಡೆಗೆ ಏನೂ ಸಿಗಲಿಲ್ಲ. ಜನರ 'ನೋಡಿದ್ರಾ' ಎಂಬ ಗುಸುಗುಸು ಪೆನ್‌ಹೇಲ್‌ನ ಬೆನ್ನಿಗೆ ತಾಗುತ್ತಿತ್ತು. ಕಂಗಾಸರು ಕಣ್ಣು ತೆರೆದು ಇವನ ಮುಖವನ್ನು ನೋಡಿದರು, ಎಂದಿನಂತೆ, ತುಸು ಹೆಚ್ಚು ಹೊತ್ತು. ಆಮೇಲೆ ಇಂಜಿನ್ ನಿಲ್ಲಿಸುವಂತೆ ಕೈಮಾಡಿದರು.

“ಅವನು ಇದೆ ಅಂದ್ರೆ ಇದೆ,” ಎಂದರು. “ನಂಗೆ ಕೇಳ್ಸಲ್ಲ, ಎಲ್ಮಾ. ಸಣ್ಣ ಸದ್ದು ನನ್ನ ಕಿವಿ ಬಿಟ್ಟುಹೋಗಿ ಬೇಕಾದಷ್ಟು ವರ್ಷ ಆಯ್ತು. ಇಷ್ಟು ದಿನ ನೀವೆಲ್ಲ ಹೊಗಳಿದ್ದು ಇವನ ಕಿವೀನ.”

ಇಷ್ಟನ್ನು ಓದಿದವರು ಪೆನ್‌ಹೇಲ್‌ನ ಕಣ್ಣು ತುಂಬಿ ಬಂತೆಂದು ಭಾವಿಸಬಹುದು. ಇಲ್ಲ. ಮೊದಲು ಬಂದದ್ದು ಸಿಟ್ಟು. ಪರೀಕ್ಷೆಯೆಂದು ತಿಳಿದು ಕುದಿದ ಅಷ್ಟೂ ಸಂಜೆಗಳ ಲೆಕ್ಕ ಯಾರು ಕೊಡಬೇಕು? ಅದರ ಹಿಂದೆಯೇ ಬಂದದ್ದು ಹಳೆಯ ಹೊಟ್ಟೆಕಿಚ್ಚು, ಹೊಸ ವೇಷದಲ್ಲಿ. ಕೀರ್ತಿ ತನ್ನದೆಂದು ಇವನಿಗೆ ತಿಳಿದ ಅದೇ ಗಳಿಗೆಯಲ್ಲಿ, ಅದನ್ನು ಹಿಂದಿರುಗಿಸಿದ ದೊಡ್ಡತನಕ್ಕಾಗಿ ಜನರೆಲ್ಲ ಒದ್ದೆಗಣ್ಣಿನಿಂದ ನೋಡುತ್ತಿದ್ದದ್ದು ಅವರನ್ನು. ಕೊಡುವುದರಲ್ಲೂ ಅವರೇ ಗೆದ್ದರು. ಇಂಥವರ ಜೊತೆ ಯಾರು ಏಗಬೇಕು?

ಗಾಡಿಯನ್ನು ತಳ್ಳಿ ಬಾಗಿಲ ಬದಿಯ ಪಿಟ್ಟಿನ ಮೇಲೆ ತಂದರು. ಇಬ್ಬರೂ ಕೆಳಗಿಳಿದು ಆಯಿಲ್ ಚೇಂಬರ್ ಬಿಚ್ಚಿದರು. ಅಷ್ಟು ವರ್ಷಗಳಲ್ಲಿ ಒಂದೇ ಪಿಟ್ಟಿನಲ್ಲಿ ಇಬ್ಬರೂ ಇಳಿದದ್ದು ಅದೇ ಮೊದಲು. ಆಯಿಲ್ ಹೀರುವ ಜಾಲರಿಯ ಕಣ್ಣುಗಳೆಲ್ಲ ಕಪ್ಪು ಜಿಡ್ಡಿನಿಂದ ಮುಚ್ಚಿಹೋಗಿದ್ದವು. ಇಷ್ಟು ಜಿಡ್ಡು ಒಮ್ಮೆಲೇ ಕಳಚುವುದು ಹೇಗೆಂದು ಪೆನ್‌ಹೇಲ್‌ಗೆ ಗೊತ್ತಿತ್ತು. ಅವರ ಮುಖ ನೋಡಿದ.

“ಆ ತೊಳೆಯೋ ಡಬ್ಬಿ ಹಾಕಿದ್ರಾ?”

“ನಿನ್ನೆ. ಶೆಡ್ಡಲ್ಲಿ,” ಎಂದರು ಕಂಗಾಸರು. ಜಾಲರಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. “ಒಳಗೆ ಹೇಗಿದೆ ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ ಮಾರಾಯ. ನಿನ್ನನ್ನ ಕೇಳೋಣ ಅಂದ್ರೆ, ಈ ಗಾಡಿ ವಿಷಯ ಮಾತ್ರ ರಸ್‌ನ ಕೇಳ್ಬೇಡಿ ಅಂತ ಐಲಿ ಮೊದಲ್ನೇ ದಿನಾನೇ ಮಾತು ತಗೊಂಡಿದ್ಲು. ಹೆದರಿಕೆ ಆಯ್ತು. ಒಂದು ಸಲ ತೊಳೆದುಬಿಟ್ರೆ ಒಳ್ಳೇದೇನೋ ಅನ್ನಿಸ್ತು.”

ಮೂವತ್ತು ವರ್ಷ ಪೆನ್‌ಹೇಲ್ ಕಾದಿದ್ದ ತಪ್ಪು ಕೊನೆಗೂ ಅವರ ಕೈಯಿಂದ ಆಗಿತ್ತು, ಅದೂ ಅವರೇ ಊರಿಗೆಲ್ಲ ಬೇಡವೆಂದು ಸಾರಿದ ತಪ್ಪು. ಅದನ್ನು ಮೇಲೆ ಹೋಗಿ ಕೂಗಿ ಹೇಳಲು ಹತ್ತು ಮೆಟ್ಟಿಲೂ ಇರಲಿಲ್ಲ. ಇವನು ಹೇಳಲಿಲ್ಲ. ಒಳ್ಳೆಯತನದಿಂದ ಅಲ್ಲ. ಎದುರಿಗೆ ಅವರು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು, ನೋಡಲಾಗಲಿಲ್ಲ, ಅಷ್ಟೇ. ಬಟ್ಟೆಯನ್ನು ಕಸಿದುಕೊಂಡು ತಾನೇ ಒರೆಸಿದ. ಈಗ ಇಲ್ಲಿ ಬರೆಯುತ್ತಿರುವುದಕ್ಕೆ ಶ್ರೀಯುತರ ಒಪ್ಪಿಗೆ ಇದೆ. ಬರಿ, ಬೇರೆಯವರಾದ್ರೂ ಆ ಡಬ್ಬಿ ಮುಟ್ಟದೆ ಇರ್ಲಿ ಎಂದಿದ್ದಾರೆ. ನೋಡಿ, ತಪ್ಪನ್ನೂ ಪಾಠ ಮಾಡಿಬಿಟ್ಟರು.

ಚೇಂಬರ್ ಮುಚ್ಚಿ, ಹೊಸ ಫಿಲ್ಟರ್ ಹಾಕಿ, ಎಂದಿನ ದಪ್ಪ ಆಯಿಲ್ ಹುಯ್ದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಜನ ಹೋಗಿರಲಿಲ್ಲ, ಕಾಫಿ ಎರಡನೆಯ ಸಲ ಕುದಿಯುತ್ತಿತ್ತು. ಐಲಿ ಇಂಜಿನ್ ಸ್ಟಾರ್ಟ್ ಮಾಡಿ ಕೆಳಗಿಳಿದು ಬಂದು ಗಂಡನ ಎದುರು ನಿಂತಳು. ಟಿಕ್ ಸದ್ದು ಮೊದಲು ಜೋರಾಗಿಯೇ ಇತ್ತು. ಪೆನ್‌ಹೇಲ್ ಬಗ್ಗಿ ಕೇಳುತ್ತಿದ್ದ. ಕಂಗಾಸರು ಇಂಜಿನ್ನನ್ನು ನೋಡಲಿಲ್ಲ, ಇವನ ಮುಖವನ್ನು ನೋಡುತ್ತಿದ್ದರು. ಐಲಿಯೂ ಅಷ್ಟೇ.

“ನಿಜ ಹೇಳು,” ಎಂದಳು. “ಇದರ ಕತೆ ಮುಗೀತಾ?”

ಟಿಕ್ ಸದ್ದು ತೆಳುವಾಯಿತು, ಇನ್ನಷ್ಟು ತೆಳುವಾಯಿತು, ಒಂದು ಸಲ ಬಿಕ್ಕಿದಂತಾಗಿ ನಿಂತಿತು. ಕೆಳಗಿನಿಂದ ಒಂದೇ ಸಮನೆ ಗುರುಗುಟ್ಟುವಿಕೆ ಮಾತ್ರ ಉಳಿಯಿತು. ಇನ್ನೂ ಸ್ವಲ್ಪ ಹೊತ್ತು ಕೇಳಿದ ಮೇಲೆ ಪೆನ್‌ಹೇಲ್ ನೆಟ್ಟಗೆ ನಿಂತು ಕೈ ಒರೆಸಿಕೊಂಡ.

“ಇನ್ನೂ ಓಡುತ್ತೆ,” ಎಂದ.

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಐಲಿ ಹೋಗಿ ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದಳು. ಇವನು ಕಂಗಾಸರತ್ತ ನೋಡುವಷ್ಟರಲ್ಲಿ ಅವರು ಕಾಫಿಗೆಂದು ತಂದಿದ್ದ ನಿಸುವಿನ ಗಂಟನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಆರಾಮವಾಗಿ ಕೂತಾಗಿತ್ತು. ಹೀಗೆ ಮೂವರು ಹೋದರು. ಪದ್ಧತಿಯಲ್ಲಿ ಮೂವರಿಲ್ಲ, ಆದರೆ ಆ ದಿನ ಪದ್ಧತಿಯನ್ನು ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಸರೋವರ ಬೂದಿ ಬಣ್ಣಕ್ಕೆ ತಿರುಗಿತ್ತು. ಗಣಿಯ ಗೋಪುರದ ಹತ್ತಿರ ಒಂಬತ್ತುಗಳೆಲ್ಲ ಒಟ್ಟಿಗೆ ಕದಲಿ, ಸೊನ್ನೆಗಳು ಮೇಲೆ ಬಂದು, ನಾಲ್ಕು ಎಂಬ ಅಂಕಿ ಮೆಲ್ಲಗೆ ತನ್ನ ಜಾಗದಲ್ಲಿ ಕೂತಿತು. ಐಲಿ ಅಳುತ್ತಿದ್ದಳು. ಹಿಂದಿನಿಂದ ಕಂಗಾಸರು ಇವನ ಭುಜದ ಮೇಲೆ ಬಗ್ಗಿದರು.

“ರಸ್, ಏನು ಕೇಳ್ಸುತ್ತೆ?”

“ಏನೂ ಇಲ್ಲ.”

“ಹ್ಞೂಂ,” ಎಂದು ಹಿಂದಕ್ಕೆ ಒರಗಿದರು. ಆಮೇಲೆ ಫಿನ್ನಿಷ್‌ನಲ್ಲಿ ಐಲಿಗೆ ಏನೋ ಹೇಳಿದರು. ಅಳುತ್ತಿದ್ದವಳು ಜೋರಾಗಿ ನಕ್ಕುಬಿಟ್ಟಳು. ಏನೆಂದು ಎಷ್ಟು ಕೇಳಿದರೂ ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ.

ಶ್ರೀಯುತ ವೈನೊ ಕಂಗಾಸ್ ಅವರು ಆಯುರಾರೋಗ್ಯವಂತರಾಗಿ ನೂರು ವರ್ಷ ಬಾಳಲಿ, ಅವರ ಸೌನಾದ ಒಲೆ ಎಂದೂ ಆರದಿರಲಿ. ನಿವೃತ್ತಿಯ ನೆಪ ಹೇಳಿ ಮನೆಯಲ್ಲಿ ಕೂರದೆ ದಿನವೂ ಗ್ಯಾರೇಜಿಗೆ ಬರಲಿ. ಕಿಟಕಿ ಬದಿಯ ಪಿಟ್ಟನ್ನು ಸಂಘವು ಪೆನ್‌ಹೇಲ್‌ಗೆ ಕೊಡಮಾಡಿತ್ತು. ಅವನು ಬೇಡವೆಂದು, ಅಲ್ಲಿ ಬಿಸಿಲಿಗೆ ಒಂದು ಕುರ್ಚಿ ಹಾಕಿಸಿದ್ದಾನೆ. ಅವರು ಅದರಲ್ಲಿ ಕೂತು, ಬರುವ ಪ್ರತಿ ಕಾರಿಗೂ ಇವನನ್ನು ಕರೆದು ಏನು ಕೇಳಿಸುತ್ತದೆಂದು ಕೇಳುತ್ತಿರಲಿ. ಅಷ್ಟು ವರ್ಷ ಉತ್ತರ ಹೇಳಲು ಪಕ್ಕದಲ್ಲಿ ಒಬ್ಬ ಬೇಕಾದ್ದರಿಂದ ಪೆನ್‌ಹೇಲ್‌ಗೂ ಅಷ್ಟೇ ಆಯುಷ್ಯವನ್ನು ದೇವರು ಕೊಡಬೇಕಾಗುತ್ತದೆ. ಆದರೆ ಆ ಫಿನ್ನಿಷ್ ಮಾತಿನ ಅರ್ಥ ತಿಳಿಯುವ ಮುನ್ನ ಇಬ್ಬರಲ್ಲಿ ಯಾರನ್ನೂ ಕರೆದುಕೊಳ್ಳಕೂಡದು.